ಕಾವಲಿಲ್ಲದ ಪಕ್ಷ

ಇವತ್ತೂ ಇಬ್ಬರು ನಿಂತಿದ್ದರು. ಮೈಮೇಲೆ ಚರ್ಮದ ಜಾಕೆಟ್ಟು, ಬೆರಳ ಸಂದಿಯಲ್ಲಿ ಸಿಗರೇಟು, ಕಣ್ಣು ಮಾತ್ರ ಮಹಡಿಯ ಕಿಟಕಿಯ ಮೇಲೆ. ಖಮೈಸ್ ಮೇಷ್ಟ್ರು ಬಾಗಿಲ ಸಂದಿಯಿಂದ ನೋಡಿದರು. ಬೆರಳು ಮಡಿಸಿ ಮತ್ತೊಮ್ಮೆ ಎಣಿಸಿದರು.

ಅವರು ಕಾಯುತ್ತಿದ್ದದ್ದು ಮೇಷ್ಟ್ರ ಮನೆಯನ್ನಲ್ಲ. ಎದುರಿಗಿದ್ದ ಹಮ್ದಾ ಎಂಬವನ ಗಡಿಯಾರದ ಅಂಗಡಿಯನ್ನು.

"ಮತ್ತೆ ಅಲ್ಲೇ ನಿಂತ್ರಾ?" ಹೆಂಡತಿ ಮಬ್ರೂಕಾ ಅಡುಗೆಮನೆಯಿಂದಲೇ ಕೂಗಿದಳು. "ಪಕ್ಕದ ಮನೆ ಸೊಸೆ ಒಡವೆ ಎಣಿಸೋರ ಹಾಗೆ ಅವನ ಪೊಲೀಸರನ್ನ ಎಣಿಸ್ತೀರಲ್ಲ!"

"ಅವನಿಗೆ ಇಬ್ಬರು ಕಣೇ. ನನಗೆ ಒಬ್ಬನೂ ಇಲ್ಲ."

"ಪುಣ್ಯ ಅನ್ಕೊಳ್ಳಿ."

ಪುಣ್ಯವೆಲ್ಲಿ ಬಂತು? ಗೋಡೆಗೋಡೆಯ ಮೇಲೂ ದೇಶದ ಅಧ್ಯಕ್ಷರ ಚಿತ್ರ ನಗುತ್ತಿದ್ದ ಕಾಲ ಅದು. ಕೆಫ್‌ನಂಥ ಊರಿನಲ್ಲಿ ಪೊಲೀಸರು ಕಾಯದ ವಿರೋಧ ಪಕ್ಷವನ್ನು ಯಾರು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ?

ಮೊದಲು ಇಬ್ಬರದೂ ಒಂದೇ ಪಕ್ಷವಾಗಿತ್ತು. ಹೆಸರಿನಲ್ಲಿ 'ಪ್ರಗತಿ' ಮುಂದಿರಬೇಕೋ 'ಗಣರಾಜ್ಯ' ಮುಂದಿರಬೇಕೋ ಎಂದು ಒಂದು ಸಂಜೆ ಜಗಳ ಹತ್ತಿತು. ಟೀ ಆರುವಷ್ಟರಲ್ಲಿ ಪಕ್ಷ ಎರಡಾಯಿತು. ಮೇಷ್ಟ್ರದು ಪ್ರಗತಿಪರ ಗಣರಾಜ್ಯ ಪಕ್ಷ. ಹಮ್ದಾನದು ಗಣರಾಜ್ಯ ಪ್ರಗತಿ ಪಕ್ಷ. ಹಳಬರೆಲ್ಲ ಹಮ್ದಾನ ಹಿಂದೆ ಹೋದರು. ಮೇಷ್ಟ್ರು ಒಂಟಿಯಾದರು.

ಆದರೆ ಒಂಟಿತನ ಬಹಳ ಕಾಲ ಇರಲಿಲ್ಲ. ಅದೇ ಚಳಿಗಾಲದಲ್ಲಿ ಆರು ಮಂದಿ ಒಬ್ಬೊಬ್ಬರಾಗಿ, ಯಾರೂ ಕರೆಯದೆ, ತಾವೇ ಬಂದು ಬಾಗಿಲು ತಟ್ಟಿದರು.

ಎಂಥ ಸದಸ್ಯರು! ಹಮ್ದಾನ ಜನ ಸಭೆಗೆ ತಡವಾಗಿ ಬರುತ್ತಿದ್ದರು, ಮೇಜು ಗುದ್ದುತ್ತಿದ್ದರು, ಅರ್ಧಕ್ಕೇ ಎದ್ದು ಹೋಗುತ್ತಿದ್ದರು. ಅವರ ಕಿತ್ತಾಟ ಬೀದಿಗೆಲ್ಲ ಕೇಳುತ್ತಿತ್ತು. ಮೇಷ್ಟ್ರ ಆರೂ ಜನ ಪ್ರತಿ ಗುರುವಾರ ಸರಿಯಾದ ಹೊತ್ತಿಗೆ ಹಾಜರು. ಹಿಮ ಬಿದ್ದು ಬಸ್ಸು ನಿಂತ ದಿನವೂ ನಡೆದೇ ಬಂದರು. ಒಬ್ಬರೂ ಎದುರು ಮಾತಾಡಿದವರಲ್ಲ. ಅಂಚೆ ಕಚೇರಿಯಲ್ಲಿದ್ದ ಮುಂಜಿ ಎಂಬವನಂತೂ ಮೇಷ್ಟ್ರು ಭಾಷಣದ ಭರದಲ್ಲಿ ವೇಗವಾಗಿ ಹೋದರೆ ಕೈಯೆತ್ತಿ ತಡೆಯುತ್ತಿದ್ದ. "ಮೇಷ್ಟ್ರೇ, ಆ ಮಾತು ಇನ್ನೊಂದ್ಸಲ ಹೇಳಿ. ಮನಸ್ಸಲ್ಲಿ ಉಳೀಬೇಕು."

ಇಷ್ಟೆಲ್ಲ ಇದ್ದೂ ಬಾಗಿಲಲ್ಲಿ ಕಾವಲಿಲ್ಲ. ಮೇಷ್ಟ್ರು ಭಾಷಣಕ್ಕೆ ಇನ್ನಷ್ಟು ಖಾರ ಹಾಕಿದರು. ಒಂದು ಗುರುವಾರ ಕಿಟಕಿಯನ್ನೇ ಪೂರಾ ತೆರೆದಿಟ್ಟು, ಅಧ್ಯಕ್ಷರ ಮನೆಯವರು ಬಡವರ ರೊಟ್ಟಿಯ ಹಿಟ್ಟನ್ನೂ ಬಿಡಲಿಲ್ಲ ಎಂದು ಗುಡುಗಿದರು. ಕೆಳಗಿದ್ದ ಜಾಕೆಟ್ಟಿನವನೊಬ್ಬ ತಲೆಯೆತ್ತಿದ. ಮೇಷ್ಟ್ರು ಕಿಟಕಿಯಾಚೆ ಇನ್ನಷ್ಟು ಬಗ್ಗಿದರು.

"ಥಂಡಿ ಹೊಡೀತಿದೆ, ಯಜಮಾನ್ರೇ. ಕಿಟಕಿ ಹಾಕ್ಕೊಳ್ಳಿ," ಎಂದು ಅವನು ಮತ್ತೆ ಹಮ್ದಾನ ಮಹಡಿಯತ್ತ ತಿರುಗಿದ.

ಮುಂದಿನ ವಾರ ಹಮ್ದಾನನ್ನು ಹಿಡಿದುಕೊಂಡು ಹೋದರು. ಕೆಲವು ದಿನ ಇಟ್ಟುಕೊಂಡು ಬಿಟ್ಟರು. ಊರಿಗೆ ಊರೇ ಸಕ್ಕರೆ, ಕಾಫಿಪುಡಿ ಹಿಡಿದು ಅವನ ಮನೆಗೆ ಹೋಯಿತು. ನಿನ್ನೆಯವರೆಗೆ ಮುಖ ತಿರುಗಿಸುತ್ತಿದ್ದವರೂ ಅವನ ಹಣೆಗೆ ಮುತ್ತಿಟ್ಟರು. ಹೋಗದಿದ್ದರೆ ಚೆನ್ನಾಗಿರುವುದಿಲ್ಲವೆಂದು ಮೇಷ್ಟ್ರೂ ಹೋದರು. ಹಮ್ದಾನ ಮುಂದಿನ ಹಲ್ಲೊಂದು ಹೋಗಿತ್ತು. ಆ ಖಾಲಿ ಜಾಗವನ್ನೂ ಮೇಷ್ಟ್ರು ಆಸೆಗಣ್ಣಿಂದ ನೋಡಿದರು.

ಹಮ್ದಾ ಮೇಷ್ಟ್ರ ಕೈ ಹಿಡಿದುಕೊಂಡ. "ಖಮೈಸ್, ಸಾಕು ಕಣೋ ಈ ಹುಡುಗಾಟ. ಎರಡೂ ಪಕ್ಷ ಸೇರಿಸಿಬಿಡೋಣ. ನಿನ್ನ 'ಪ್ರಗತಿ'ನೇ ಮುಂದಿರಲಿ. ನೀನೇ ಮುಖಂಡ."

ಬಯ್ದಿದ್ದರೆ ಮೇಷ್ಟ್ರು ಸಹಿಸುತ್ತಿದ್ದರು. ಈ ದೊಡ್ಡತನವನ್ನು ಸಹಿಸಲಾಗಲಿಲ್ಲ. ಆದರೂ ಗುರುವಾರ ವಿಷಯವನ್ನು ಸಭೆಯ ಮುಂದಿಟ್ಟರು.

ಆರೂ ಜನ ಒಟ್ಟಿಗೆ ಎದ್ದು ನಿಂತರು.

"ಬೇಡ ಮೇಷ್ಟ್ರೇ!" ಮುಂಜಿಯ ಮುಖ ಬಿಳಿಚಿಕೊಂಡಿತ್ತು. "ಅವರು ನಮ್ಮನ್ನ ಒಳಗೆ ಬಿಟ್ಕೊಳ್ತಾರಾ? ಈ ಪಕ್ಷ ಮುಚ್ಚಿದ್ರೆ ನಮ್ಮ ಗತಿ ಏನು? ನಾವು ಮಕ್ಕಳೊಂದಿಗರು!"

ಮೇಷ್ಟ್ರು ಮುಂಜಿಯ ಬೆನ್ನು ತಟ್ಟಿದರು. ಹಮ್ದಾನಿಗೆ ಇಂಥ ನಿಷ್ಠೆ ಎಲ್ಲಿ ಸಿಕ್ಕೀತು? ಅಂದೇ 'ಆಗದು' ಎಂದು ಅವನಿಗೆ ಹೇಳಿ ಕಳಿಸಿದರು. ಹಮ್ದಾ ಬೇಸರಪಟ್ಟನಂತೆ. ಅದನ್ನು ಕೇಳಿ ಒಂದು ಗಳಿಗೆ ಹಿತವೆನಿಸಿತು. ಒಂದೇ ಗಳಿಗೆ. ಬೆಳಗ್ಗೆ ಎದ್ದು ನೋಡಿದರೆ ಎದುರು ಬಾಗಿಲಲ್ಲಿ ಮತ್ತೆ ಅದೇ ಇಬ್ಬರು.

ಮೇಷ್ಟ್ರು ಕೋಟು ಹಾಕಿಕೊಂಡರು. ತಲೆಗೆ ಕೆಂಪು ಟೋಪಿಯಿಟ್ಟರು. "ಎಲ್ಲಿಗೆ?" ಎಂದು ಮಬ್ರೂಕಾ ಕೇಳುವಷ್ಟರಲ್ಲಿ ಬೀದಿಗಿಳಿದು ನೇರ ಠಾಣೆಗೆ ನಡೆದರು.

ಅಲ್ಲಿನ ಅಧಿಕಾರಿ ಎದ್ದು ನಿಂತ. ಒಂದು ಕಾಲದಲ್ಲಿ ಇವರ ಬಳಿ ಭೂಗೋಳ ಕಲಿತವನು.

"ನನ್ನನ್ನ ಹಿಡೀರಿ," ಎಂದರು ಮೇಷ್ಟ್ರು.

"ಯಾಕೆ ಮೇಷ್ಟ್ರೇ, ಏನು ಮಾಡಿದ್ರಿ?"

"ಹಮ್ದಾ ಪಿಸುಗುಟ್ಟೋದನ್ನ ನಾನು ಕೂಗಿ ಹೇಳ್ತೀನಿ. ಅಧ್ಯಕ್ಷರಿಗೆ ಅವನಿಗಿಂತ ದೊಡ್ಡ ಶತ್ರು ನಾನು. ಅವನ ಬಾಗಿಲಿಗೆ ಇಬ್ಬರು, ನನ್ನ ಬಾಗಿಲಿಗೆ ಒಂದು ನಾಯಿನೂ ಇಲ್ಲ. ನನ್ನಲ್ಲಿ ಅಂಥದ್ದೇನು ಕಡಿಮೆಯಾಗಿದೆ, ಹೇಳಿ."

ಅಧಿಕಾರಿ ನಗಲಿಲ್ಲ. ಹೋಗಿ ಬಾಗಿಲು ಮುಂದೆ ಮಾಡಿದ. ಗುರುಗಳನ್ನು ಕುರ್ಚಿಯಲ್ಲಿ ಕೂರಿಸಿ, ತಾನು ನಿಂತೇ ದನಿ ತಗ್ಗಿಸಿ ಹೇಳಿದ.

"ಹಮ್ದಾನ ಜನರಲ್ಲಿ ಒಬ್ಬನನ್ನೂ ಒಲಿಸ್ಕೊಳ್ಳೋಕೆ ಆಗಲಿಲ್ಲ ಮೇಷ್ಟ್ರೇ, ಅದಕ್ಕೇ ನಮ್ಮವರು ಹೊರಗೆ ಚಳೀಲಿ ನಿಲ್ಲಬೇಕು, ನಿಮ್ಮಲ್ಲಾದ್ರೆ ನಮ್ಮವರು ಆರೂ ಜನ ಒಳಗೇ ಬೆಚ್ಚಗೆ ಕೂತಿದಾರಲ್ಲ."