ಹೊರಗಿನ ಕುರ್ಚಿ

ವೈದ್ಯ ಒತ್ತಿದ್ದು ಮಂಚದ ಮೇಲೆ ಬೋರಲು ಮಲಗಿದ್ದ ಓಟಗಾರ್ತಿಯ ಸೊಂಟವನ್ನು. 'ಲಟಕ್' ಎಂಬ ಸದ್ದು ಬಂದದ್ದು ಬಾಗಿಲಾಚೆಯಿಂದ. ಇಪ್ಪತ್ತು ವರ್ಷದಿಂದ ಬರಿಗೈಯಲ್ಲೇ ಆಟಗಾರರ ಬೆನ್ನುಮೂಳೆ ಸರಿಪಡಿಸುತ್ತ ಬಂದ ಮನುಷ್ಯ. ಮೂಳೆಯ ಸದ್ದು ಯಾವುದೆಂದು ಅವನ ಕಿವಿಗೆ ಯಾರೂ ಪಾಠ ಹೇಳಬೇಕಿರಲಿಲ್ಲ. ಹೋದ ವಾರವೂ ಹೀಗೇ ಆಗಿತ್ತು, ಅದರ ಹಿಂದಿನ ವಾರಗಳಲ್ಲೂ. ಆಗೆಲ್ಲ ಕಿಟಕಿ ಬಡಿದಿರಬೇಕು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದ.

ಓಟಗಾರ್ತಿ ಎದ್ದು ಕೂತು, ಸೊಂಟವನ್ನು ಅತ್ತಿತ್ತ ತಿರುಗಿಸಿ, ನೋವು ಪೂರ್ತಿ ಹೋಯಿತು ಎಂದಳು. ಪಕ್ಕದಲ್ಲಿದ್ದ ತಾಯಿಯ ಮುಖ ಊರಗಲವಾಯಿತು. ಮುಂದಿನ ಭಾನುವಾರ ನಾನೂರು ಮೀಟರ್ ಫೈನಲ್; ಗೆದ್ದರೆ ದೇಶದ ತಂಡದಲ್ಲಿ ಜಾಗ. ವೈದ್ಯ ಬಾಗಿಲು ತೆರೆದು ನೋಡಿದ. ಹೊರಗಿನ ಕುರ್ಚಿಯಲ್ಲಿ ಓಟಗಾರ್ತಿಯ ಒಂಬತ್ತು ವರ್ಷದ ತಂಗಿ ಹೋಂವರ್ಕ್ ಬರೆಯುತ್ತಿದ್ದಳು. ಕೆಳಗೆ ಬಿದ್ದ ಪೆನ್ಸಿಲ್ ಎತ್ತಿಕೊಳ್ಳಲು ಬಗ್ಗಿದವಳು ಅರ್ಧಕ್ಕೇ ನಿಂತು, ಕುರ್ಚಿಯ ಕೈ ಹಿಡಿದುಕೊಂಡು ಮೆಲ್ಲಗೆ ಎದ್ದಳು. ಅವಳ ಎಡಭುಜ ಬಲಭುಜಕ್ಕಿಂತ ಎರಡು ಬೆರಳು ಕೆಳಗಿತ್ತು.

ಮುಂದಿನ ಸಲ ಚಿಕ್ಕವಳನ್ನು ಮನೆಯಲ್ಲೇ ಬಿಟ್ಟು ಬನ್ನಿ ಎಂದಷ್ಟೇ ವೈದ್ಯ ತಾಯಿಗೆ ಹೇಳಿದ. ಗುರುವಾರ ಬಿಟ್ಟೇ ಬಂದರು. ಅವತ್ತು ಮೂರು ಸಲ ಒತ್ತಿದರೂ ಸದ್ದಿಲ್ಲ. ಓಟಗಾರ್ತಿ ಹಲ್ಲು ಕಚ್ಚಿ ಸಹಿಸಿದಳು. ಮಂಚದಿಂದ ಇಳಿದಾಗ ಕಾಲೂರಲಾಗಲಿಲ್ಲ. ತಾಯಿ ಮರುದಿನ ಬೆಳಗ್ಗೆಯೇ ಮಕ್ಕಳಿಬ್ಬರನ್ನೂ ಕರೆದುಕೊಂಡು ಬಂದಳು.

"ಚಿಕ್ಕವಳು ಹೊರಗಡೆ ಕೂತ್ರೇನೇ ದೊಡ್ಡವಳಿಗೆ ಗುಣ ಆಗೋದು, ಡಾಕ್ಟ್ರೇ," ಎಂದಳು, ಪಥ್ಯದ ವಿಷಯ ಹೇಳುವಷ್ಟು ಸಹಜವಾಗಿ. "ನಂಗೆ ಮೊದಲನೇ ವಾರಾನೇ ಗೊತ್ತಾಯ್ತು. ಈ ಭಾನುವಾರ ಒಂದು ದಾಟಿಸಿಬಿಡಿ."

ವೈದ್ಯ ಓಟಗಾರ್ತಿಯ ಕಡೆ ನೋಡಿದ. ಅವಳು ತಲೆ ತಗ್ಗಿಸಿ ಶೂ ಲೇಸು ಬಿಚ್ಚುತ್ತಿದ್ದಳು. ಅಂದರೆ ಅವಳಿಗೂ ಗೊತ್ತು. ಗೋಡೆಯ ಮೇಲೆ ಅವಳದೇ ದೊಡ್ಡ ಫೋಟೊ ಇತ್ತು. ಅದನ್ನು ನೋಡಿಕೊಂಡೇ ಈಚೆಗೆ ಆಟಗಾರರು ಸಾಲುಗಟ್ಟಿ ಬರುತ್ತಿದ್ದರು. ಒಂದೇ ಒಂದು ಸಲ ತಾನೇ ಎಂದು ಅವನ ಮನಸ್ಸೂ ಅತ್ತ ವಾಲಿತು, ಮರುಕ್ಷಣ ತನ್ನ ಮೇಲೆಯೇ ಹೇಸಿಗೆ ಹುಟ್ಟಿತು. ಹೊರಗೆ ಹೋಗಿ, ಚಿಕ್ಕವಳನ್ನು ಕೈಹಿಡಿದು ಕರೆತಂದು ಮಂಚದ ಮೇಲೆ ಬೋರಲು ಮಲಗಿಸಿದ. ಏನೋ ಹೇಳಲು ಬಾಯಿ ತೆರೆದ ತಾಯಿಯನ್ನು ಕೈ ಎತ್ತಿ ತಡೆದ. ಬೆರಳಾಡಿಸಿ ನೋಡಿದರೆ, ಆ ಪುಟ್ಟ ಬೆನ್ನಿನಲ್ಲಿ ಅಕ್ಕನ ಆರು ವಾರದ ನೋವು ಗಂಟು ಗಂಟಾಗಿ ಕೂತಿತ್ತು. ಎಲ್ಲವೂ ಅವನ ಕೈಯಾರೆ ಆದದ್ದೇ.

"ಹೆದರ್ಕೋಬೇಡ ಪುಟ್ಟಾ. ಒಂದೇ ಸಲ ಒತ್ತೋದು, ಎಲ್ಲಾ ಸರಿಹೋಗುತ್ತೆ."

"ಹೆದರಿಕೆ ಏನಿಲ್ಲ ಅಂಕಲ್," ದಿಂಬಿನೊಳಗಿಂದ ಮಗುವಿನ ದನಿ ಬಂತು. "ಆದ್ರೆ ಈಗ ಹೊರಗಡೆ ಕುರ್ಚಿಲಿ ಯಾರು ಕೂತ್ಕೋತಾರೆ?"

ತೆರೆದ ಬಾಗಿಲಿನಿಂದ ಖಾಲಿ ಕುರ್ಚಿ ಕಾಣುತ್ತಿತ್ತು. ವೈದ್ಯನ ಕೈ ಮಗುವಿನ ಬೆನ್ನ ಮೇಲೆಯೇ ನಿಂತಿತು. ಅಕ್ಕ ಕುರ್ಚಿಯನ್ನು ನೋಡಿದಳು, ಆಮೇಲೆ ಅಮ್ಮನನ್ನು ನೋಡಿದಳು. ತಾಯಿ ಸೆರಗು ಸರಿಮಾಡಿಕೊಂಡು, ಬಾಗಿಲವರೆಗೆ ನಡೆದು ಹೋದಳು. ಹೊರಗೆ ಕಾಲಿಡದೆ, ಒಳಗಿನಿಂದಲೇ ಬಾಗಿಲು ಮುಚ್ಚಿದಳು.