ಮಾಳೇಶನ ಪಾಟಿಚೀಲ

ಮಗ ಸ್ನಾನಕ್ಕೆ ಹೋದದ್ದೇ ತಡ, ಅನುಸೂಯಾ ಅವನ ಪಾಟಿಚೀಲವನ್ನು ಬೋರಲು ಹಾಕಿದಳು. ಪುಸ್ತಕ, ಮುರಿದ ಕಂಪಾಸು, ಒಣಗಿದ ರೊಟ್ಟಿಯ ಚೂರು. ಗುಟ್ಕಾ ಇಲ್ಲ, ಗಾಂಜಾ ಪೊಟ್ಟಣವಿಲ್ಲ. ಸಮಾಧಾನವಾಗುವ ಬದಲು ಅವಳ ಸಂಶಯ ಇನ್ನಷ್ಟು ಹೆಚ್ಚಿತು. ಎಲ್ಲಿ ಬಚ್ಚಿಟ್ಟಿದ್ದಾನೋ ಮೂಳ!

ನಿನ್ನೆ ಹೈಸ್ಕೂಲಿನ ಶಿಕ್ಷಕಿ ಗಿರಿಜಾ ಬಾಯಾರು ಫೋನು ಮಾಡಿದ್ದರು. ನಿಪ್ಪಾಣಿಯ ಡಾಕ್ಟರು ಬಂದು ಎಲ್ಲ ಮಕ್ಕಳ ಬಾಯಿ ನೋಡಿದ್ದಾರೆ, ನಿಮ್ಮ ಮನೆಗೆ ತಂಬಾಕಿನ ಚಟ ಹೊಕ್ಕಿದೆ, ನಾಳೆ ಬಂದು ಕಾಣಿರಿ ಎಂದಿದ್ದರು. ಯಾರಿಗೆ ಎಂದು ಅನುಸೂಯಾ ಕೇಳಲಿಲ್ಲ. ಕೇಳುವುದೇನಿತ್ತು ಮಣ್ಣು? ಹತ್ತನೆಯ ಇಯತ್ತೆಯ ಮಾಳೇಶನ ಕಣ್ಣು ತಿಂಗಳಿಂದ ಕೆಂಪಗಿದ್ದವು. ಅಂಗಿ ಹೊಗೆ ನಾರುತ್ತಿತ್ತು. ಗದರಿಸಿದರೆ, ಬೆಲ್ಲದ ಗಾಣದ ಒಲೆಗೆ ಕಬ್ಬಿನ ಒಣಗರಿಯ ರವದಿ ಹಾಕಿ ಬಂದೆ ಅನ್ನುತ್ತಿದ್ದ.

ಅವಳ ಮೈದುನ ಬೀರದೇವನೂ ಹೀಗೇ ನೆವ ಹೇಳುತ್ತಿದ್ದ. ಗುಟ್ಕಾ ತಿಂದು ತಿಂದು, ಕಡೆಗೆ ಬಾಯಿಯೇ ತೆರೆಯದೆ, ಚಮಚದಲ್ಲಿ ಗಂಜಿ ಕುಡಿದು ಮೂವತ್ತಕ್ಕೇ ಸತ್ತ. ಆ ಬಾಯಿ ನೆನಪಾಗಿ ಅನುಸೂಯಾ ಚೀಲದ ಮೂಲೆಮೂಲೆಯನ್ನು ಮತ್ತೆ ತಡಕಿದಳು.

ತಲೆ ಸಿಡಿಯತೊಡಗಿತು. ಡಬ್ಬಿ ತೆಗೆದು, ತಾನೇ ಹುರಿದು ಪುಡಿಮಾಡಿದ ಮಿಶ್ರಿಯಿಂದ ಇನ್ನೊಮ್ಮೆ ಹಲ್ಲು ತಿಕ್ಕಿದಳು. ಮನೆತನದ ಹೆಂಗಸರೆಲ್ಲ ಅದರಿಂದಲೇ ತಿಕ್ಕಿದವರು. ಜೀವ ತುಸು ಹಗುರಾಯಿತು. ಎಂಟನೆಯ ಇಯತ್ತೆಯ ಮಗಳು ಭಾಗ್ಯಾ ಪಕ್ಕಕ್ಕೆ ಬಂದು ಅಂಗೈ ಚಾಚಿದಳು. ಬಂಗಾರದಂಥ ಹುಡುಗಿ, ಹಲ್ಲು ತಿಕ್ಕದೆ ಒಂದು ತುತ್ತೂ ಮುಟ್ಟುವವಳಲ್ಲ. ಅವಳಿಗೂ ಒಂದು ಚಿಟಿಕೆ ಹಾಕಿದಳು.

"ಸಾಲಿ ಬಿಡಸ್ತಾರೇನವ್ವಾ?" ಭಾಗ್ಯಾ ಮೆಲ್ಲಗೆ ಕೇಳಿದಳು.

"ಬಿಡಸ್ಲಿ. ಜೀವ ಉಳದ್ರ ಸಾಕು."

ಶಾಲೆಯ ಕೋಣೆಯಲ್ಲಿ ಅನುಸೂಯಾ ಕುರ್ಚಿಯ ತುದಿಗೆ ಕೂತು ಸೆರಗನ್ನು ಬಾಯಿಗೊತ್ತಿಕೊಂಡಳು. "ಬಾಯಾರ, ಮಾಳೇಶನ ಹೆಸರ ಹೊಡೀಬ್ಯಾಡ್ರಿ. ನಿಮ್ಮ ಕಾಲ ಬೀಳ್ತೇನ್ರಿ."

"ಅವನ ಬಾಯಿ ಸ್ವಚ್ಛ ಐತ್ರಿ. ಗಾಣದ ಹೊಗಿಗೆ ಕಣ್ಣ ಕೆಂಪಾಗ್ಯಾವ, ಅಷ್ಟ."

ಬಾಯಾರು ಬಾಗಿಲತ್ತ ನೋಡಿದರು. ಅಲ್ಲಿ ಭಾಗ್ಯಾ ತಲೆ ತಗ್ಗಿಸಿ ನಿಂತಿದ್ದಳು. ಇವಳ ಕೆನ್ನೆಯ ಒಳಗೆ ಬಿಳಿ ಕಲೆ ಎದ್ದಿದೆ, ಪಾಠದ ನಡುವೆ ತಲೆನೋವೆಂದು ದಿನಕ್ಕೆ ಮೂರು ಸಲ ಹೊರಗೆ ಓಡುತ್ತಾಳೆ, ಚೀಲದಲ್ಲಿ ತಂಬಾಕು ಸಿಕ್ಕಿದೆ ಎಂದರು. "ಯಾರ ಕೊಟ್ಟಾರ ಅಂತ ಎಷ್ಟ ಕೇಳಿದ್ರೂ ಬಾಯಿ ಬಿಡವಲ್ಲಳ್ರಿ."

ಅನುಸೂಯಾ ಎದ್ದು ನಿಂತಳು. "ನನ್ನ ಮಗಳಿಗಿ ವಿಷಾ ಹಾಕಿದಾಂವ ಯಾಂವ? ತೋರಸ್ರಿ ಅದನ್ನ."

ಬಾಯಾರು ಮೇಜಿನ ಮೇಲೆ ಒಂದು ಚಿಂದಿಯ ಗಂಟು ಬಿಚ್ಚಿದರು. ಚಿಂದಿ ಅನುಸೂಯಾಳ ಹಳೆಯ ಸೀರೆಯದು, ಒಳಗಿದ್ದದ್ದು ಅವಳು ತಂಬಾಕಿನ ಎಲೆಯನ್ನು ತವೆಯ ಮೇಲೆ ಕರ್ರಗೆ ಹುರಿದು ತನ್ನ ಕೈಯಾರೆ ಪುಡಿಮಾಡಿದ ಮಿಶ್ರಿ.