ಕದಲದ ಗುಳ್ಳೆ

ದೋಹಾದ ಪೊಲೀಸ್ ಲ್ಯಾಬಿನಲ್ಲಿ ಫ್ರೀಡಾ ವೇಪ್ ಎಂಬ ಇ-ಸಿಗರೇಟಿನ ಗಾಜಿನ ಕೊಳವೆಯನ್ನು ದೀಪಕ್ಕೆ ಹಿಡಿದು ತಲೆಕೆಳಗು ಮಾಡಿದಳು. ಒಳಗಿನ ಗುಳ್ಳೆ ಕದಲಲಿಲ್ಲ. ಗಾಂಜಾ ಎಣ್ಣೆಯನ್ನು ಕೊರೆಯುವ ಚಳಿಯಲ್ಲಿಟ್ಟು ಮೇಣ ಸೋಸಿ, ಮತ್ತೆ ಮತ್ತೆ ಭಟ್ಟಿ ಇಳಿಸಿದರೆ ಹೀಗೆ ವಾಸನೆ ಸತ್ತು ಜೇನಿನಂತೆ ಗಟ್ಟಿಯಾಗುತ್ತದೆ.

"ವರ್ಲ್ಡ್ ಕಪ್ ನೋಡೋಕೆ ಬಂದವರಿಗೆ ಮಾರ್ತಿದ್ರಂತೆ ಮೇಡಂ," ಎಂದ ಸಹಾಯಕ ಧನಂಜಯ. "ಉಪ್ಪಿನಕಾಯಿ ಡಬ್ಬಿಯ ತಳದಲ್ಲಿ ಸಿಕ್ಕಿದೆ. ಊರಿಂದ ಹೊತ್ತು ತಂದವರನ್ನ ಹುಡುಕ್ತಿದ್ದಾರೆ."

ಅವನು ಡಬ್ಬಿಯನ್ನು ಅವಳ ಮುಂದಿಟ್ಟ. ರಜೆ ಮುಗಿಸಿ ಉಡುಪಿಯಿಂದ ಬರುವಾಗಲೆಲ್ಲ ಫ್ರೀಡಾ ಪರಿಚಯದವರ ಪಾರ್ಸೆಲ್‌ಗಳನ್ನು ತರುತ್ತಿದ್ದಳು. ಅದಲುಬದಲಾಗದಿರಲೆಂದು ಒಂದೊಂದಕ್ಕೂ ಪ್ಲಾಸ್ಟರ್ ಅಂಟಿಸಿ ತಲುಪಬೇಕಾದವರ ಹೆಸರು ಬರೆಯುತ್ತಿದ್ದಳು. ಈ ಡಬ್ಬಿಯ ಮೇಲೂ ಪ್ಲಾಸ್ಟರ್ ಇತ್ತು. 'ಥಿಯೋಡೋರ್' ಎಂದು ಬರೆದ ಅಕ್ಷರ ಅವಳದೇ.

ಕೈಯ ಬಿಸಿಗೆ ಕೊಳವೆಯೊಳಗೆ ಗುಳ್ಳೆ ನಿಧಾನವಾಗಿ ಮೇಲೇರತೊಡಗಿತು.